ವಿಮಾನ ಹಾರಿಸುವ ಮಗಳು ಮತ್ತು ನಮ್ಮ ಮನೆಯ ಲೆಕ್ಕ

ಗೆಳತಿಯರೇ,

ವರದಕ್ಷಿಣೆ, ಮನೆಯೊಳಗಿನ ಹೊಡೆತ ಬಡಿತ, ಠಾಣೆ, ಕೋರ್ಟುಗಳ ಬಗ್ಗೆ ಬರೆಯುವ ಈ ಪತ್ರಿಕೆಯಲ್ಲಿ ವಿಮಾನ ಹಾರಿಸುವ ಕೆಲಸದ ಮಾತು ಯಾಕೆ ಬಂತು ಎಂದು ನೀವು ಕೇಳಬಹುದು. ನಮ್ಮ ಸಂಘಗಳ ಹೆಚ್ಚಿನ ಸದಸ್ಯೆಯರು ವಿಮಾನ ಹತ್ತಿದವರೇ ಅಲ್ಲ. ಆದರೆ ಈಚಿನ ತಿಂಗಳುಗಳಲ್ಲಿ ನಾನು ಹೋದ ಸಭೆಗಳಲ್ಲಿ ಒಂದೇ ಪ್ರಶ್ನೆ ಬೇರೆ ಬೇರೆ ತಾಯಂದಿರ ಬಾಯಿಂದ ಬಂದಿದೆ. "ಮಗಳು ಪೈಲಟ್ ಆಗ್ತೀನಿ ಅಂತಾಳಕ್ಕಾ, ನಮ್ಮಂಥೋರಿಗೆ ಅದೆಲ್ಲ ಆಗೋ ಮಾತಾ?" ಕೇಳಿದವರು ನಗುತ್ತಲೇ ಕೇಳಿದರು. ಇದನ್ನು ನಗೆಗೆ ಬಿಡಲು ನನಗೆ ಮನಸ್ಸಿಲ್ಲ. ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದರೆ ನಾವು ನಮ್ಮ ಮನೆಯ ಹಣದ ಪೆಟ್ಟಿಗೆಯ ಮುಂದೆ ಬಂದು ನಿಲ್ಲುತ್ತೇವೆ. ವರದಕ್ಷಿಣೆಯ ಬೇರು ಇರುವುದೂ ಅದೇ ಪೆಟ್ಟಿಗೆಯಲ್ಲಿ.

ಹೆಣ್ಣಿಗೆ ವಿಮಾನ ಹಾರಿಸಲು ಬಾರದು ಎಂಬ ಮಾತಿಗೆ ಈಗ ಜಾಗವಿಲ್ಲ. ಏರ್‌ಲೈನ್ ಮಹಿಳಾ ಪೈಲಟ್‌ಗಳ ಅಂತರರಾಷ್ಟ್ರೀಯ ಸಂಸ್ಥೆಯ 2021ರ ಲೆಕ್ಕದಂತೆ ನಮ್ಮ ದೇಶದ ಪೈಲಟ್‌ಗಳಲ್ಲಿ ಶೇಕಡಾ 12ಕ್ಕಿಂತ ಹೆಚ್ಚು ಮಂದಿ ಹೆಂಗಸರು. ಅಮೆರಿಕದಲ್ಲಿ ಆ ಪ್ರಮಾಣ ಶೇಕಡಾ 5ರ ಆಸುಪಾಸು. 2021ರ ಜನವರಿಯಲ್ಲಿ ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೋದಿಂದ ಹೊರಟು ಉತ್ತರ ಧ್ರುವದ ಮೇಲೆ ಹಾದು ಬೆಂಗಳೂರಿನಲ್ಲಿ ಇಳಿದ ಏರ್ ಇಂಡಿಯಾ ವಿಮಾನವನ್ನು ನಡೆಸಿದವರು ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಮತ್ತು ಅವರ ಜೊತೆಗಿದ್ದ ಮಹಿಳಾ ಪೈಲಟ್‌ಗಳು. ಚಾಲಕರ ಕೋಣೆಯಲ್ಲಿ ಒಬ್ಬ ಗಂಡಸೂ ಇರಲಿಲ್ಲ.

ಇದೇ ದೇಶದಲ್ಲಿ 2022ರ ಒಂದು ವರ್ಷದಲ್ಲಿ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ದಾಖಲಿಸಿದ ವರದಕ್ಷಿಣೆ ಸಾವುಗಳು 6,450. ಅಂದರೆ ದಿನಕ್ಕೆ 17ಕ್ಕೂ ಹೆಚ್ಚು. "ಸ್ಟೌ ಸಿಡಿದು ಸತ್ತಳು", "ಕಾಲು ಜಾರಿ ಬಾವಿಗೆ ಬಿದ್ದಳು" ಎಂದು ಮುಚ್ಚಿಹೋದವು ಈ ಲೆಕ್ಕದಲ್ಲಿ ಇಲ್ಲ. ಜಗತ್ತಿನಲ್ಲೇ ಹೆಚ್ಚು ಪ್ರಮಾಣದಲ್ಲಿ ಹೆಣ್ಣುಮಕ್ಕಳನ್ನು ವಿಮಾನದ ಚಾಲಕರ ಕೋಣೆಗೆ ಕಳಿಸಿದ ದೇಶವೂ ನಮ್ಮದೇ, ಅಡಿಗೆಮನೆಯಲ್ಲಿ ಅವರನ್ನು ಸುಡುವ ದೇಶವೂ ನಮ್ಮದೇ. ಎರಡೂ ನಿಜ. ಎರಡರ ನಡುವೆ ಇರುವ ವ್ಯತ್ಯಾಸ ಹೆಣ್ಣಿನ ಬುದ್ಧಿಯಲ್ಲಿಲ್ಲ. ಅವಳಿಗಾಗಿ ಕೂಡಿಟ್ಟ ಹಣ ಯಾವ ಕಡೆಗೆ ಹೋಯಿತು ಎಂಬುದರಲ್ಲಿದೆ.

ದಾರಿ ಯಾರೂ ಬಿಟ್ಟುಕೊಟ್ಟದ್ದಲ್ಲ ಎಂಬುದೂ ನೆನಪಿರಲಿ. 1936ರಲ್ಲಿ ಲಾಹೋರಿನಲ್ಲಿ ಸರಳಾ ಠಕ್ರಾಲ್ ಒಬ್ಬರೇ ವಿಮಾನ ಹಾರಿಸಿದಾಗ ಅವರಿಗೆ 21 ವರ್ಷ. ಉಟ್ಟಿದ್ದು ಸೀರೆ. ಮನೆಯಲ್ಲಿ ಪುಟ್ಟ ಮಗಳಿದ್ದಳು. ಗಂಡನ ಮನೆಯವರೇ ಬೆನ್ನು ತಟ್ಟಿ ಕಳಿಸಿದ್ದರು. 1939ರಲ್ಲಿ ಗಂಡ ವಿಮಾನ ಅಪಘಾತದಲ್ಲಿ ತೀರಿಕೊಂಡರು, ಯುದ್ಧ ಬಂದು ತರಬೇತಿ ನಿಂತುಹೋಯಿತು, ಸಂಬಳದ ಪೈಲಟ್ ಆಗುವ ಅವರ ಆಸೆ ಅಲ್ಲಿಗೇ ಉಳಿಯಿತು. ಅಲಹಾಬಾದಿನಲ್ಲಿ ಕಲಿತು 1947ರಲ್ಲಿ ವಾಣಿಜ್ಯ ಲೈಸೆನ್ಸ್ ಪಡೆದ ಪ್ರೇಮ್ ಮಾಥುರ್ ಅವರನ್ನು ಎಂಟು ಕಂಪನಿಗಳು ಹೆಣ್ಣೆಂಬ ಕಾರಣಕ್ಕೆ ಬೇಡವೆಂದವು. ಕೊನೆಗೆ ಹೈದರಾಬಾದಿನ ಡೆಕ್ಕನ್ ಏರ್‌ವೇಸ್ ಸಹಪೈಲಟ್ ಕೆಲಸ ಕೊಟ್ಟಿತು. ಸೌದಾಮಿನಿ ದೇಶಮುಖ್ ಮತ್ತು ನಿವೇದಿತಾ ಭಸೀನ್ 1985ರಲ್ಲಿ ಕಲ್ಕತ್ತೆಯಿಂದ ಸಿಲ್ಚರ್‌ಗೆ ಹಾರಿದಾಗ ಆ ವಿಮಾನದ ಸಿಬ್ಬಂದಿಯೆಲ್ಲ ಹೆಂಗಸರೇ. 1990ರ ಮೊದಲ ದಿನ ಇದೇ ನಿವೇದಿತಾ 26ನೇ ವಯಸ್ಸಿನಲ್ಲಿ ಜೆಟ್ ವಿಮಾನದ ಕ್ಯಾಪ್ಟನ್ ಆದರು.

ಇದೇ ವಿಮಾನ ಲೋಕದಲ್ಲಿ ಗಗನಸಖಿಯರ ಕಥೆ ಬೇರೆಯಾಗಿತ್ತು. 35 ತುಂಬಿದರೆ, ಕೆಲಸಕ್ಕೆ ಸೇರಿದ ನಾಲ್ಕು ವರ್ಷದೊಳಗೆ ಮದುವೆಯಾದರೆ, ಮೊದಲ ಬಸಿರು ನಿಂತರೆ ಕೆಲಸ ಬಿಡಬೇಕು ಎಂಬ ನಿಯಮವಿತ್ತು. ನರ್ಗೇಶ್ ಮಿರ್ಜಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1981ರಲ್ಲಿ ಬಸಿರಿನ ನಿಯಮವನ್ನು ಸಂವಿಧಾನ ವಿರೋಧಿ ಎಂದು ತಳ್ಳಿಹಾಕಿತು. ಮದುವೆಯ ನಿಯಮವನ್ನು ಮಾತ್ರ ಆಗ ಎತ್ತಿಹಿಡಿಯಿತು. ಗಗನಸಖಿಯ ಕೆಲಸ ಕೀಳೆಂದು ನಾನು ಹೇಳುತ್ತಿಲ್ಲ. ಹೆಣ್ಣಿನ ಚೆಲುವು ನೋಡಿ ಕೊಟ್ಟ ಕೆಲಸಕ್ಕೆ ವಯಸ್ಸಿನ ಗಡಿ ಹಾಕುತ್ತಾರೆ, ಅವಳ ವಿದ್ಯೆ ನೋಡಿ ಕೊಟ್ಟ ಕೆಲಸಕ್ಕೆ ಹಾಗೆ ಗಡಿ ಹಾಕುವುದು ಕಷ್ಟ ಎಂಬುದಷ್ಟೇ ನನ್ನ ಮಾತು.

ಈಗ ಪೈಲಟ್ ಆಗುವ ದಾರಿಯ ವಿಚಾರ. ಇದನ್ನು ಮಗಳಿಗೆ ಓದಿ ಹೇಳಿ.

ಪೈಲಟ್ ಆಗಲು ಪದವಿ ಬೇಕಿಲ್ಲ. ಇಷ್ಟು ವರ್ಷ ನಡೆದುಬಂದ ನಿಯಮದಂತೆ ಪಿಯುಸಿಯಲ್ಲಿ ಭೌತಶಾಸ್ತ್ರ ಮತ್ತು ಗಣಿತ ಓದಿರಬೇಕು. ಈ ನಿಯಮ ಸಡಿಲಿಸುವ ಪ್ರಸ್ತಾಪ 2025ರಲ್ಲಿ ಕೇಳಿಬಂದಿದೆ. ಆದರೂ ಈ ಎರಡು ವಿಷಯ ಓದಿದ ಹುಡುಗಿಗೇ ದಾರಿ ಸಲೀಸು. ಕಲಾ ಅಥವಾ ವಾಣಿಜ್ಯ ವಿಭಾಗದಲ್ಲಿ ಓದಿದವರು ರಾಷ್ಟ್ರೀಯ ಮುಕ್ತ ಶಾಲೆಯ ಮೂಲಕ ಈ ಎರಡು ವಿಷಯಗಳನ್ನು ಆಮೇಲೆ ಬರೆದು ಪಾಸು ಮಾಡಿಕೊಳ್ಳಬಹುದು. ವಯಸ್ಸು 18 ತುಂಬಿದರೆ ವಾಣಿಜ್ಯ ಪೈಲಟ್ ಲೈಸೆನ್ಸ್ ಪಡೆಯಬಹುದು. ಅದಕ್ಕೆ 200 ಗಂಟೆಗಳ ಹಾರಾಟ ಆಗಬೇಕು. ವಿಮಾನಯಾನದ ನಿಯಮಗಳು, ಹವಾಮಾನ, ಆಕಾಶದಲ್ಲಿ ದಾರಿ ಲೆಕ್ಕ ಹಾಕುವುದು, ಯಂತ್ರದ ತಿಳಿವಳಿಕೆ, ರೇಡಿಯೋದಲ್ಲಿ ಮಾತಾಡುವ ಕ್ರಮ, ಇವುಗಳ ಪರೀಕ್ಷೆ ಪಾಸಾಗಬೇಕು. ಮಾತುಕತೆಯೆಲ್ಲ ಇಂಗ್ಲಿಷಿನಲ್ಲಿ. ಆದರೆ ಅದು ಕಥೆ ಕಾದಂಬರಿಯ ಇಂಗ್ಲಿಷ್ ಅಲ್ಲ, ಗೊತ್ತಾದ ಮಾತುಗಳನ್ನು ತಪ್ಪಿಲ್ಲದೆ ಹೇಳುವ ಇಂಗ್ಲಿಷ್. ಕನ್ನಡ ಶಾಲೆಯಲ್ಲಿ ಕಲಿತ ಮಗು ಅಭ್ಯಾಸದಿಂದ ಅದನ್ನು ಕಲಿಯಬಲ್ಲಳು. ಕನ್ನಡಕ ಹಾಕಿಕೊಂಡವರಿಗೂ ಅವಕಾಶವಿದೆ, ಕನ್ನಡಕದೊಂದಿಗೆ ದೃಷ್ಟಿ ಸರಿಯಾಗಬೇಕು, ಬಣ್ಣ ಗುರುತಿಸಲು ಬರಬೇಕು.

ಆದ್ದರಿಂದ ಪೈಲಟ್ ಆಗುವ ತೀರ್ಮಾನ ನಡೆಯುವುದು ವಿಮಾನ ನಿಲ್ದಾಣದಲ್ಲಲ್ಲ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ನಮ್ಮ ಮನೆಯ ಜಗಲಿಯ ಮೇಲೆ ಆ ತೀರ್ಮಾನ ನಡೆದುಹೋಗುತ್ತದೆ. ಗಣಿತದಲ್ಲಿ ಒಳ್ಳೆಯ ಅಂಕ ತೆಗೆದ ಹುಡುಗಿಯನ್ನೂ ಆವತ್ತು ಕಲಾ ವಿಭಾಗಕ್ಕೆ ಕಳಿಸುತ್ತೇವೆ. ವಿಜ್ಞಾನ ಇರುವ ಕಾಲೇಜು ದೂರ, ಬಸ್ಸು ಹೊತ್ತಾಗಿ ಬರುತ್ತದೆ, ಟ್ಯೂಷನ್ನಿಗೆ ದುಡ್ಡು ಬೇಕು, ಹೇಗೂ ಎರಡು ಮೂರು ವರ್ಷಕ್ಕೆ ಮದುವೆ ಮಾಡುವುದೇ ಅಲ್ಲವೇ, ಎಂದು ಹಿರಿಯರು ಹೇಳುತ್ತಾರೆ. ಅಣ್ಣನೋ ತಮ್ಮನೋ ಅದಕ್ಕಿಂತ ಕಡಿಮೆ ಅಂಕ ತೆಗೆದಿದ್ದರೂ ಅವನಿಗೆ ಪಟ್ಟಣದಲ್ಲಿ ಕೋಣೆ ಹಿಡಿಯುತ್ತೇವೆ. ಆ ಮಗುವಿನ ರೆಕ್ಕೆ ಕತ್ತರಿಸಿದ್ದು ಆವತ್ತೇ. ಆಮೇಲೆ "ನಮ್ಮ ಹುಡುಗೀರಿಗೆ ಅಂಥ ಆಸೆಯೇ ಇಲ್ಲ" ಎಂದು ಹೇಳುವುದು ನ್ಯಾಯವಲ್ಲ.

ಖರ್ಚಿನ ಮಾತನ್ನು ಮುಚ್ಚಿಡುವುದಿಲ್ಲ. ಲೈಸೆನ್ಸ್ ಕೈಗೆ ಬರುವಷ್ಟರಲ್ಲಿ 40ರಿಂದ 50 ಲಕ್ಷ ರೂಪಾಯಿ, ಕೆಲವು ಕಡೆ ಅದಕ್ಕೂ ಮೇಲೆ ಆಗುತ್ತದೆ. ದೊಡ್ಡ ವಿಮಾನ ಹಾರಿಸಲು ಆ ಜಾತಿಯ ವಿಮಾನಕ್ಕೇ ಬೇರೆ ತರಬೇತಿ ಬೇಕು, ಅದಕ್ಕೂ ಲಕ್ಷಗಟ್ಟಲೆ ಖರ್ಚು. ನಮ್ಮ ಸಂಘದ ಸಾಲದಲ್ಲಿ ಇದು ಆಗುವುದಿಲ್ಲ. ಕೂಲಿ ಮಾಡುವ ಮನೆಯವರು ಮದುವೆಯ ಖರ್ಚನ್ನೆಲ್ಲ ಉಳಿಸಿದರೂ ಇಷ್ಟು ಕೂಡುವುದಿಲ್ಲ. ಇಲ್ಲ ಎಂದು ಹೇಳಿ ಆಸೆ ಹುಟ್ಟಿಸಿದರೆ ಅದು ಮೋಸ.

ಆದರೆ ಹಣವಿರುವ ಮನೆಗಳಲ್ಲಿ ಏನು ನಡೆಯುತ್ತಿದೆ? ಎರಡೆಕರೆ ಅಡಿಕೆ ತೋಟವಿದ್ದವರು, ಪಟ್ಟಣದಲ್ಲಿ ಸೈಟು ಇದ್ದವರು, ಸರ್ಕಾರಿ ನೌಕರಿ ಇದ್ದವರು ಮಗಳ ಮದುವೆಗೆ ಚಿನ್ನ, ಕಲ್ಯಾಣ ಮಂಟಪ, ವರೋಪಚಾರ, ಕಾರು ಎಂದು ಸುರಿಯುವುದನ್ನು ನಾವು ನೋಡಿಲ್ಲವೇ? ಜಮೀನು ಅಡವಿಟ್ಟಾದರೂ ಮಾಡುತ್ತಾರೆ. ಅದೇ ಜಮೀನನ್ನು ಮಗಳ ತರಬೇತಿಗೆ ಅಡವಿಡಿ ಎಂದರೆ "ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು" ಎಂದು ಬುದ್ಧಿ ಹೇಳುತ್ತಾರೆ. ಮದುವೆಗೆ ಹಾಸಿಗೆಯನ್ನೇ ಮಾರಿದವರ ಬಾಯಲ್ಲಿ ಈ ಗಾದೆ!

ಬಡವರ ಮನೆಯ ಲೆಕ್ಕವೂ ಬೇರೆಯಲ್ಲ, ಮೊತ್ತ ಮಾತ್ರ ಸಣ್ಣದು. ಒಂದು ಸಂಘದ ಸಾಲದ ಪುಸ್ತಕ ನೋಡುತ್ತಿದ್ದೆ. ಒಬ್ಬ ಸದಸ್ಯೆಯ ಹೆಸರಿನ ಮುಂದೆ "ಹೈನುಗಾರಿಕೆ" ಎಂದಿತ್ತು. ಕೊಟ್ಟಿಗೆಯಲ್ಲಿ ಎಮ್ಮೆ ಇರಲಿಲ್ಲ. ಅಳಿಯನ ಮನೆಯ ಮುಂದೆ ಹೊಸ ಬೈಕು ನಿಂತಿತ್ತು. ಕಂತು ಕಟ್ಟಲು ಆ ತಾಯಿ ಎರಡು ಮನೆಯ ಮುಸುರೆ ತಿಕ್ಕುತ್ತಿದ್ದಳು. ಸಂಘದ ಉಳಿದವರಿಗೆಲ್ಲ ವಿಷಯ ಗೊತ್ತಿತ್ತು, ಯಾರೂ ತುಟಿ ಬಿಚ್ಚಿರಲಿಲ್ಲ. ಹೆಂಗಸರು ವಾರವಾರ ಹತ್ತು ಇಪ್ಪತ್ತು ಕೂಡಿಟ್ಟ ಹಣವೇ ಹೀಗೆ ವರದಕ್ಷಿಣೆಯಾಗಿ ಹರಿದುಹೋದರೆ ನಾವು ಸಂಘ ಕಟ್ಟಿದ್ದು ಯಾತಕ್ಕೆ?

ಮಗಳ ಮದುವೆಗೆ ಕೊಡುವ ಹಣ ಅವಳನ್ನು ಕಳಿಸಿಕೊಡಲು ಕೊಡುವ ಹಣ. ಅವಳ ಓದಿಗೆ ಕೊಡುವ ಹಣ ಅವಳನ್ನು ನಿಲ್ಲಿಸಲು ಕೊಡುವ ಹಣ. ಮೊದಲನೆಯದು ಬೇರೆಯವರ ಕೈ ಸೇರುತ್ತದೆ, ಸಾಲದು ಎಂಬ ಮಾತೂ ಅದರ ಹಿಂದೆಯೇ ಬರುತ್ತದೆ. ಎರಡನೆಯದನ್ನು ಯಾರೂ ಅವಳಿಂದ ಕಿತ್ತುಕೊಳ್ಳಲಾರರು. ವರದಕ್ಷಿಣೆ ಕೊಟ್ಟರೆ ಮಗಳು ಸುಖವಾಗಿರುತ್ತಾಳೆ ಎಂದು ನಂಬಿದ ಎಷ್ಟು ತಂದೆಯರು ಶವಾಗಾರದ ಬಾಗಿಲಲ್ಲಿ ನಿಂತದ್ದನ್ನು ನಾವು ಕಂಡಿದ್ದೇವೆ!

ಬ್ಯಾಂಕಿನ ಮಾತಿಗೆ ಬಂದರೆ, ಶಿಕ್ಷಣ ಸಾಲ 7.5 ಲಕ್ಷ ಮೀರಿದರೆ ಸಾಮಾನ್ಯವಾಗಿ ಆಸ್ತಿಯ ಭದ್ರತೆ ಕೇಳುತ್ತಾರೆ. ಆಸ್ತಿ ಯಾರ ಹೆಸರಿನಲ್ಲಿದೆ? ಅಪ್ಪನ ಹೆಸರಿನಲ್ಲಿ, ಅಣ್ಣನ ಹೆಸರಿನಲ್ಲಿ. ನಮ್ಮ ರಾಜ್ಯ 1994ರಲ್ಲೇ ಹಿಂದೂ ಉತ್ತರಾಧಿಕಾರ ಕಾನೂನಿಗೆ ತಿದ್ದುಪಡಿ ತಂದು ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಹುಟ್ಟಿನಿಂದಲೇ ಪಾಲು ಕೊಟ್ಟಿತು. ಆಗಲೇ ಮದುವೆಯಾಗಿದ್ದವರನ್ನು ಮಾತ್ರ ಹೊರಗಿಟ್ಟಿತ್ತು. 2005ರಲ್ಲಿ ಇಡೀ ದೇಶಕ್ಕೆ ಈ ಹಕ್ಕು ಬಂತು. 2020ರಲ್ಲಿ ಸುಪ್ರೀಂ ಕೋರ್ಟು ಇದನ್ನು ಇನ್ನಷ್ಟು ಗಟ್ಟಿ ಮಾಡಿತು. ಆದರೂ "ಅರಿಶಿನ ಕುಂಕುಮಕ್ಕೆ ಕೊಟ್ಟಾಯ್ತಲ್ಲ" ಎಂದು ಹೇಳಿ ಹಕ್ಕು ಬಿಡುಗಡೆ ಪತ್ರಕ್ಕೆ ಅವಳ ಸಹಿ ಹಾಕಿಸಿಕೊಳ್ಳುವುದು ನಿಂತಿಲ್ಲ. ಮದುವೆಯ ಖರ್ಚನ್ನು ತೋರಿಸಿ ಪಾಲು ಕಸಿಯುವುದು, ಪಾಲಿಲ್ಲದ್ದನ್ನು ತೋರಿಸಿ ಸಾಲ ತಪ್ಪಿಸುವುದು! ಹೆಣ್ಣು ಎರಡು ಕಡೆಯೂ ಕಳೆದುಕೊಳ್ಳುತ್ತಾಳೆ. ಮಗಳ ಪಾಲಿನ ಭೂಮಿಯೇ ಅವಳ ವಿದ್ಯೆಗೆ ಭದ್ರತೆ ಆಗಬಹುದೆಂದು ಯಾವ ಮನೆಯಲ್ಲಿ ಮಾತಾಡಿದ್ದೇವೆ?

ಹಣವಿಲ್ಲದ ಮನೆಯ ಹುಡುಗಿಗೂ ಒಂದು ದಾರಿ ಇದೆ. ವಾಯುಪಡೆ 1994ರಿಂದ ಹೆಣ್ಣುಮಕ್ಕಳನ್ನು ಪೈಲಟ್‌ಗಳಾಗಿ ತೆಗೆದುಕೊಳ್ಳುತ್ತಿದೆ. ಸುಪ್ರೀಂ ಕೋರ್ಟಿನ 2021ರ ಆದೇಶದ ನಂತರ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಬಾಗಿಲೂ ತೆರೆದು, 2022ರಲ್ಲಿ ಮೊದಲ ತಂಡ ಒಳಗೆ ಹೋಯಿತು. ಪಿಯುಸಿ ವಿಜ್ಞಾನ ಓದಿದವರು ಪರೀಕ್ಷೆ ಬರೆಯಬಹುದು. ಅಲ್ಲಿ ಹಾರಾಟ ಕಲಿಯಲು ಶುಲ್ಕವಿಲ್ಲ. ಸೇವೆ ಮುಗಿಸಿದ ಎಷ್ಟೋ ಮಂದಿ ಆಮೇಲೆ ಪ್ರಯಾಣಿಕರ ವಿಮಾನ ಹಾರಿಸಲು ಬರುತ್ತಾರೆ. ಉತ್ತರ ಪ್ರದೇಶದ ಫುರ್ಸತ್‌ಗಂಜ್‌ನಲ್ಲಿರುವ ಕೇಂದ್ರ ಸರ್ಕಾರದ ಇಂದಿರಾ ಗಾಂಧಿ ರಾಷ್ಟ್ರೀಯ ಉಡಾನ್ ಅಕಾಡೆಮಿಯಲ್ಲಿ ಪ್ರವೇಶ ಪರೀಕ್ಷೆ ಉಂಟು, ಮೀಸಲಾತಿಯೂ ಉಂಟು. ಬೆಂಗಳೂರಿನ ಜಕ್ಕೂರಿನಲ್ಲಿ ನಮ್ಮ ರಾಜ್ಯ ಸರ್ಕಾರದ್ದೇ ಹಾರಾಟ ತರಬೇತಿ ಶಾಲೆ ಇದೆ. ದಲಿತ, ಹಿಂದುಳಿದ ಮನೆಗಳ ಹುಡುಗಿಯರಿಗೆ ಯಾವ ನೆರವು ಸಿಗುತ್ತದೆಂದು ಸಮಾಜ ಕಲ್ಯಾಣ ಇಲಾಖೆಗೆ ಸಂಘದ ಹೆಸರಿನಲ್ಲೇ ಅರ್ಜಿ ಕೊಟ್ಟು ಕೇಳಿ. ಬಾಯಿಮಾತಿನ ಉತ್ತರಕ್ಕೆ ಒಪ್ಪಬೇಡಿ, ಬರಹದಲ್ಲಿ ಪಡೆಯಿರಿ.

ಭೌತಶಾಸ್ತ್ರ, ಗಣಿತ ಓದಿದ ಹುಡುಗಿ ಪೈಲಟ್ ಆಗದಿದ್ದರೂ ನಷ್ಟವಿಲ್ಲ. ವಿಮಾನ ದುರಸ್ತಿಯ ಎಂಜಿನಿಯರ್, ನಿಲ್ದಾಣದ ಗೋಪುರದಲ್ಲಿ ಕೂತು ವಿಮಾನಗಳಿಗೆ ದಾರಿ ಹೇಳುವ ಅಧಿಕಾರಿ, ಈ ಕೆಲಸಗಳಿಗೂ ಅದೇ ವಿಷಯಗಳೇ ಬೇಕು. ಹತ್ತನೇ ತರಗತಿ ಪಾಸಾದ, 18 ತುಂಬಿದ ಹೆಂಗಸು ಡ್ರೋನ್ ಹಾರಿಸುವ ತರಬೇತಿ ಪಡೆದು ಹೊಲಕ್ಕೆ ಔಷಧಿ ಸಿಂಪಡಿಸುವ ಕೆಲಸ ಮಾಡಬಹುದು. ನಮ್ಮಂಥ 15,000 ಸ್ವಸಹಾಯ ಸಂಘಗಳಿಗೆ ಡ್ರೋನ್ ಕೊಡುವ ಯೋಜನೆಯನ್ನು ಕೇಂದ್ರ ಸರ್ಕಾರ 2023ರಲ್ಲಿ ತಂದಿತು. ಡ್ರೋನ್ ಸಂಘದ ಹೆಸರಿನಲ್ಲಿ ಬಂದು ಅದನ್ನು ಹಾರಿಸುವವನು ಗಂಡನೋ ಮೈದುನನೋ ಆಗದಂತೆ ನೋಡಿಕೊಳ್ಳುವುದು ಮಾತ್ರ ನಮ್ಮ ಕೆಲಸ.

ತರಬೇತಿಗೆ ಹಣ ಕಟ್ಟುವವರಿಗೆ ಎರಡು ಎಚ್ಚರಿಕೆ. ಮೊದಲು ವೈದ್ಯಕೀಯ ಪರೀಕ್ಷೆ, ಆಮೇಲೆ ಶುಲ್ಕ. ಕಣ್ಣು, ಕಿವಿ, ಹೃದಯ ಸರಿಯಿಲ್ಲವೆಂದು ಕೊನೆಗೆ ತಿಳಿದರೆ ಕಟ್ಟಿದ್ದೆಲ್ಲ ನೀರಿನಲ್ಲಿ ಹೋಮ. ಶಾಲೆಗೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಮಾನ್ಯತೆ ಇದೆಯೇ ನೋಡಿ, ಇಡೀ ಹಣ ಒಮ್ಮೆಗೇ ಕಟ್ಟಬೇಡಿ, ಹಾರಾಟದ ಗಂಟೆಗೆ ಇಷ್ಟು ಎಂದು ರಸೀದಿ ಪಡೆಯಿರಿ. ಎರಡನೆಯದು, ಲೈಸೆನ್ಸ್ ಸಿಕ್ಕ ಕೂಡಲೇ ಕೆಲಸ ಸಿಕ್ಕೇಬಿಡುತ್ತದೆ ಎಂಬುದು ಸುಳ್ಳು. 2012ರಲ್ಲಿ ಕಿಂಗ್‌ಫಿಷರ್, 2019ರಲ್ಲಿ ಜೆಟ್ ಏರ್‌ವೇಸ್, 2023ರಲ್ಲಿ ಗೋ ಫಸ್ಟ್ ಹಾರಾಟ ನಿಲ್ಲಿಸಿದಾಗ ಪೈಲಟ್‌ಗಳು ಮನೆಯಲ್ಲಿ ಕೂತರು. ಕೆಲಸವಿಲ್ಲದ ದಿನಗಳಿಗೂ ಮನೆಯವರು ಸಿದ್ಧರಿರಬೇಕು. ಆ ದಿನಗಳಲ್ಲೇ "ಸಾಕು, ಮದುವೆ ಮಾಡಿಬಿಡೋಣ" ಎಂಬ ಒತ್ತಾಯ ಶುರುವಾಗುವುದು.

ಇನ್ನೊಂದು ಮಾತು ಹೇಳದಿದ್ದರೆ ಈ ಲೇಖನ ಅರ್ಧವಾಗುತ್ತದೆ. ಹೆಣ್ಣು ದುಡಿದರೆ ಹಿಂಸೆ ತಾನಾಗಿಯೇ ನಿಲ್ಲುತ್ತದೆ ಎಂದು ನಾವು ಒಂದು ಕಾಲದಲ್ಲಿ ಸಭೆ ಸಭೆಯಲ್ಲಿ ಹೇಳುತ್ತಿದ್ದೆವು. ಟೀಚರು, ನರ್ಸು, ಬ್ಯಾಂಕ್ ನೌಕರಳು ಕೂಡ ಕಣ್ಣು ಬಾತುಕೊಂಡು ನಮ್ಮ ಬಾಗಿಲಿಗೆ ಬಂದಿದ್ದಾರೆ. ದುಡಿಯುವ ಸೊಸೆಯ ಸಂಬಳ ತಿಂಗಳು ತಿಂಗಳೂ ಬರುವ ವರದಕ್ಷಿಣೆಯಾಗಿದೆ. ಅವಳ ಎಟಿಎಂ ಕಾರ್ಡು ಗಂಡನ ಜೇಬಿನಲ್ಲಿ, ಪಾಸ್‌ಬುಕ್ಕು ಅತ್ತೆಯ ಬೀರುವಿನಲ್ಲಿ. ಪೈಲಟ್ ಸೊಸೆ ಎಂದರೆ ಇನ್ನೂ ದೊಡ್ಡ ಸಂಬಳ, ಇನ್ನೂ ದೊಡ್ಡ ಆಸೆ. ಏರ್‌ಲೈನ್‌ನಲ್ಲಿ ಸಂಬಳ ಹಿರಿತನ ಮತ್ತು ಹಾರಿದ ಗಂಟೆಯ ಮೇಲೆ ಲೆಕ್ಕವಾಗುತ್ತದೆ, ಹೆಣ್ಣಿಗೆ ಅರ್ಧ ಕೂಲಿ ಎಂಬ ನಮ್ಮ ಹೊಲದ ನಿಯಮ ಅಲ್ಲಿಲ್ಲ. ಆದರೆ ಆ ಸಂಬಳ ಮನೆಯ ಹೊಸ್ತಿಲು ದಾಟಿದ ಮೇಲೆ ಯಾರದು?

ಹಾರಾಟದ ನಡುವೆ ಪೈಲಟ್ ಇಷ್ಟು ಗಂಟೆ ವಿಶ್ರಾಂತಿ ತೆಗೆದುಕೊಳ್ಳಲೇಬೇಕು ಎಂದು ಕಾನೂನು ಇದೆ. ದಣಿದ ಕಣ್ಣಿನಿಂದ ನೂರಾರು ಜನರ ಜೀವ ನಡೆಸಬಾರದು ಎಂಬುದು ಅದರ ಉದ್ದೇಶ. ಗಂಡಸು ಪೈಲಟ್ ಮನೆಗೆ ಬಂದರೆ ಮಕ್ಕಳನ್ನು ಸುಮ್ಮನಿರಿಸಿ ಅವನನ್ನು ಮಲಗಿಸುತ್ತಾರೆ. ಹೆಣ್ಣು ಪೈಲಟ್ ಮನೆಗೆ ಬಂದರೆ? ಹಿಟ್ಟು ಕಲಸಬೇಕು, ಬಟ್ಟೆ ನೆನೆಸಬೇಕು, ರಾತ್ರಿ ಹೊರಗಿದ್ದದ್ದಕ್ಕೆ ಸಮಜಾಯಿಷಿ ಕೊಡಬೇಕು. ಮನೆ ಎಂದರೆ ವಿಶ್ರಾಂತಿ ಎಂದು ಕಾನೂನು ನಂಬಿದೆ. ನಮ್ಮಲ್ಲಿ ಎಷ್ಟು ಹೆಂಗಸರಿಗೆ ಮನೆ ವಿಶ್ರಾಂತಿಯ ಜಾಗ?

ಆದ್ದರಿಂದ ಮಗಳಿಗೆ ರೆಕ್ಕೆ ಕೊಡುವಾಗಲೇ ಕಾನೂನನ್ನೂ ಕಲಿಸಿ. 1961ರ ವರದಕ್ಷಿಣೆ ನಿಷೇಧ ಕಾನೂನಿನಂತೆ ಮದುವೆಗೆ ಮುಂಚೆ, ಮದುವೆಯ ದಿನ, ಮದುವೆಯಾದ ಎಷ್ಟೋ ವರ್ಷದ ಮೇಲೆ, ಯಾವಾಗ ಕೇಳಿದರೂ ಅದು ಅಪರಾಧವೇ. ಹಿಂದೆ 498-ಎ ಎಂದು ಕರೆಯುತ್ತಿದ್ದ ಕಲಂ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೇ ಕಲಂ ಆಗಿದೆ. ವರದಕ್ಷಿಣೆ ಸಾವಿಗೆ 80ನೇ ಕಲಂ. 2005ರ ಕೌಟುಂಬಿಕ ದೌರ್ಜನ್ಯ ಕಾನೂನು ಹೊಡೆತವನ್ನಷ್ಟೇ ಅಲ್ಲ, ಆರ್ಥಿಕ ಹಿಂಸೆಯನ್ನೂ ಹಿಂಸೆ ಎಂದೇ ಕರೆಯುತ್ತದೆ. ಅವಳ ಹಣ, ಅವಳ ಸ್ತ್ರೀಧನ ಕಸಿದಿಟ್ಟುಕೊಂಡರೆ ಅವಳು ದೂರು ಕೊಡಬಹುದು. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಸಂರಕ್ಷಣಾಧಿಕಾರಿ. ಸಹಾಯವಾಣಿ 181, ತುರ್ತಿಗೆ 112.

ಕೊನೆಯದಾಗಿ, ಮುಂದಿನ ಸಭೆಯಲ್ಲಿ ನಿಮ್ಮ ಸಂಘ ನಾಲ್ಕು ತೀರ್ಮಾನ ಮಾಡಬೇಕೆಂದು ಕೇಳುತ್ತೇನೆ.

ಒಂದು, ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ವಿಜ್ಞಾನ ಚೆನ್ನಾಗಿ ಮಾಡಿದ ಯಾವ ಹುಡುಗಿಯನ್ನೂ ಅವಳನ್ನು ಕೇಳದೆ ಬೇರೆ ವಿಭಾಗಕ್ಕೆ ಸೇರಿಸಕೂಡದು. ಕಾಲೇಜು ದೂರವಾದರೆ ಇಬ್ಬರು ಮೂವರು ಹುಡುಗಿಯರನ್ನು ಜೊತೆ ಮಾಡಿ ಕಳಿಸುವ ಹೊಣೆ ಸಂಘದ್ದು.

ಎರಡು, ಹೈನುಗಾರಿಕೆಯ ಸಾಲ ಎಮ್ಮೆಗೇ ಹೋಗಬೇಕು. ವರದಕ್ಷಿಣೆಗೆ ಸಂಘದ ಒಂದು ಪೈಸೆಯೂ ಇಲ್ಲ. ಓದಿನ ಸಾಲಕ್ಕೆ ಮಾತ್ರ ಮೊದಲ ಸರದಿ, ಕಡಿಮೆ ಬಡ್ಡಿ.

ಮೂರು, ಮಗಳ ಹೆಸರಿನಲ್ಲಿ ಕೂಡಿಟ್ಟದ್ದು ಮದುವೆಯ ಹಣವಲ್ಲ. ಸುಕನ್ಯಾ ಸಮೃದ್ಧಿ ಖಾತೆ ಇದ್ದವರು ಹತ್ತನೇ ತರಗತಿ ಮುಗಿದ ಮೇಲೆ ಅಥವಾ 18 ತುಂಬಿದ ಮೇಲೆ ಅರ್ಧದಷ್ಟು ಹಣವನ್ನು ಓದಿಗೆ ತೆಗೆಯಬಹುದು. ಅದನ್ನು ಓದಿಗೇ ತೆಗೆಯಿರಿ.

ನಾಲ್ಕು, ಗಂಡನ ಮನೆಯಿಂದ ತಿರುಗಿ ಬಂದ ಮಗಳಿಗೆ "ಕೊಟ್ಟ ಹೆಣ್ಣು ಕುಲಕ್ಕೆ ಹೊರಗು" ಎಂದು ಹೇಳುವ ಬಾಯಿ ನಮ್ಮ ಸಂಘದಲ್ಲಿ ಇರಕೂಡದು. ಆಕಾಶಕ್ಕೆ ಹಾರುವ ವಿಮಾನಕ್ಕೂ ಇಳಿಯಲು ನೆಲ ಬೇಕು. ನಮ್ಮ ಹೆಣ್ಣುಮಕ್ಕಳಿಗೆ ಆ ನೆಲ ತವರಿನಲ್ಲೂ ಇರಬೇಕು, ಸಂಘದಲ್ಲೂ ಇರಬೇಕು.

ನಿಮ್ಮೂರಿನ ಎಲ್ಲ ಹುಡುಗಿಯರೂ ಪೈಲಟ್ ಆಗುವುದಿಲ್ಲ. ಆಗಬೇಕಾಗಿಯೂ ಇಲ್ಲ. ಆದರೆ ಒಬ್ಬಳು ಆಗಬೇಕೆಂದು ಹೊರಟಾಗ "ನಮ್ಮಂಥವರಿಗೆ ಅಲ್ಲ" ಎಂಬ ಮಾತು ಮೊದಲು ತಾಯಿಯ ಬಾಯಿಂದ ಬರಬಾರದು. ಸಭೆಯಲ್ಲಿ ಏನು ತೀರ್ಮಾನವಾಯಿತು, ಯಾರು ಒಪ್ಪಲಿಲ್ಲ, ಯಾಕೆ ಒಪ್ಪಲಿಲ್ಲ ಎಂಬುದನ್ನು ನಮಗೆ ಬರೆದು ಕಳಿಸಿ. ಜಗಳವಾಗಿದ್ದರೆ ಅದನ್ನೂ ಬರೆಯಿರಿ. ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುತ್ತೇವೆ.

ನಿಮ್ಮ,
ಸಂಪಾದಕಿ